ಏಳು, ಹದಿಮೂರು, ಹದಿನಾರು: ಯಾವ ಸಿನಿಮಾ ಯಾರಿಗೆ?

ಹೊಸ ಸಿನಿಮಾ ಬಂತೆಂದರೆ ಮಲ್ಲೇಶ್ವರದ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಮಕ್ಕಳನ್ನ ಕರ್ಕೊಂಡು ಹೋಗ್ಬಹುದಾ?’ ಗೀತಾಂಜಲಿ, ಸೆಂಟ್ರಲ್, ಸಂಪಿಗೆ, ಸವಿತಾ, ಸರ್ಕಲ್ ಹತ್ತಿರದ ಸ್ವಸ್ತಿಕ್ ಇವೆಲ್ಲ ನಡೆದು ಹೋಗುವಷ್ಟು ದೂರದಲ್ಲಿದ್ದ ಕಾಲದಲ್ಲಿ ಇದಕ್ಕೆ ಉತ್ತರ ಬೀದಿಯಲ್ಲೇ ಸಿಗುತ್ತಿತ್ತು. ಮ್ಯಾಟಿನಿ ನೋಡಿ ಬಂದವರು ಎಂಟನೇ ಕ್ರಾಸಿನಲ್ಲಿ ತರಕಾರಿ ಕೊಳ್ಳುವ ಹೊತ್ತಿಗೆ ಕಥೆಯನ್ನೂ ಹೇಳಿ, ‘ಚಿಕ್ಕವರು ಬೇಡ, ಇಂಟರ್ವಲ್ ಆದ್ಮೇಲೆ ತುಂಬಾ ಹೊಡೆದಾಟ’ ಎಂದು ಎಚ್ಚರಿಕೆಯನ್ನೂ ಕೊಟ್ಟುಬಿಡುತ್ತಿದ್ದರು. ಒಂದು ವಾರ ತಡೆದು ಹೋದರೆ ಬೇಕಾದ ಮಾಹಿತಿಯೆಲ್ಲ ಕೈಯಲ್ಲಿರುತ್ತಿತ್ತು. ಈಗ ಸಂಪಿಗೆ ರಸ್ತೆಯ ತುದಿಯ ಮಾಲಿಗೋ ಒರಾಯನ್‌ಗೋ ಮೊದಲ ದಿನದ ಟಿಕೆಟನ್ನು ಫೋನಿನಲ್ಲೇ ತೆಗೆಯುತ್ತೇವೆ. ಮೊದಲ ವಾರಾಂತ್ಯ ಮುಗಿಯುವಷ್ಟರಲ್ಲಿ ಚಿತ್ರದ ಹಣೆಬರಹವೇ ತೀರ್ಮಾನವಾಗಿರುತ್ತದೆ. ನೆರೆಮನೆಯವರ ಮಾತಿಗೆ ಕಾಯುವ ವ್ಯವಧಾನ ಯಾರಿಗೂ ಇಲ್ಲ. ಹಾಗಾಗಿ ಆ ಹಳೆಯ ಪ್ರಶ್ನೆಗೆ ಉಳಿದಿರುವ ಉತ್ತರ ಚಿತ್ರದ ಹೆಸರಿನ ಪಕ್ಕದ ಒಂದು ಪುಟ್ಟ ಗುರುತು: ಯು, ಯುಎ 7+, ಯುಎ 13+, ಯುಎ 16+, ಎ.

ಈ ಗುರುತನ್ನು ಯಾರು ಕೊಡುತ್ತಾರೆ, ಯಾವ ಅಳತೆಯಿಂದ ಕೊಡುತ್ತಾರೆ, ಕೊಟ್ಟ ಮೇಲೆ ಅದಕ್ಕೆ ಬಲವೆಷ್ಟು ಎಂಬುದನ್ನು ವಿಚಾರಿಸುತ್ತಾ ಹೋದರೆ ನೂರು ವರ್ಷಗಳ ಕಥೆಯೇ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಕನ್ನಡ ಸಿನಿಮಾಕ್ಕೂ ಕರ್ನಾಟಕದ ಹೈಕೋರ್ಟಿಗೂ ದೊಡ್ಡ ಪಾತ್ರವಿದೆ.

ಮೊದಲು ಇಂದಿನ ಸ್ಥಿತಿ. 1983ರಿಂದ ನಲವತ್ತು ವರ್ಷ ನಮ್ಮಲ್ಲಿ ನಾಲ್ಕು ವರ್ಗಗಳಿದ್ದವು. ಎಲ್ಲರಿಗೂ ಸಲ್ಲುವ ಯು, 18 ತುಂಬಿದವರಿಗೆ ಮಾತ್ರ ಎ, ವೈದ್ಯರಂಥ ವಿಶೇಷ ವರ್ಗದವರಿಗೆ ಎಸ್, ಮತ್ತು 12 ವರ್ಷದೊಳಗಿನ ಮಕ್ಕಳನ್ನು ಕರೆತರುವ ಮುನ್ನ ಹೆತ್ತವರು ಯೋಚಿಸಲಿ ಎನ್ನುವ ಯುಎ. ಈ ಯುಎ ಎಂಬ ಒಂದೇ ಚೀಲದಲ್ಲಿ ಎಲ್ಲವೂ ತುಂಬಿಕೊಂಡಿತು. ಸ್ವಲ್ಪ ಹೆದರಿಸುವ ಮಕ್ಕಳ ಚಿತ್ರವೂ ಅಲ್ಲಿ, ಮಚ್ಚು ಲಾಂಗಿನ ಚಿತ್ರವೂ ಅಲ್ಲಿ. ಅದನ್ನು ಒಡೆಯಬೇಕೆಂಬ ಮಾತು ಹೊಸದಲ್ಲ. 2013ರ ಮುಕುಲ್ ಮುದ್ಗಲ್ ಸಮಿತಿಯೂ 2016ರ ಶ್ಯಾಮ್ ಬೆನಗಲ್ ಸಮಿತಿಯೂ 12 ಮತ್ತು 15 ವರ್ಷಗಳ ಗೆರೆ ಎಳೆಯಲು ಹೇಳಿದ್ದವು. ಕೊನೆಗೆ 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆ ಯುಎಯನ್ನು 7, 13, 16 ಎಂದು ಮೂರಾಗಿ ಒಡೆಯಿತು. ಅದರ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಂದವು. ಹತ್ತು ವರ್ಷಕ್ಕೊಮ್ಮೆ ಮುಗಿಯುತ್ತಿದ್ದ ಪ್ರಮಾಣಪತ್ರ ಈಗ ಶಾಶ್ವತ.

ಇಲ್ಲಿ ಹೆತ್ತವರು ತಿಳಿದಿರಬೇಕಾದ ಒಂದು ಮುಖ್ಯ ಸಂಗತಿ ಇದೆ, ಬಹಳ ಮಂದಿಗೆ ಅದು ಗೊತ್ತಿಲ್ಲ. ಎ ಎಂಬುದು ಕಾನೂನಿನ ತಡೆ. 18 ತುಂಬದವರನ್ನು ಒಳಗೆ ಬಿಟ್ಟರೆ ಚಿತ್ರಮಂದಿರದವರು ಕಾನೂನು ಕ್ರಮಕ್ಕೆ ಗುರಿಯಾಗಬೇಕು. ಅಪ್ಪ ಅಮ್ಮ ಜೊತೆಗಿದ್ದರೂ ಅದು ಸಡಿಲವಾಗುವುದಿಲ್ಲ. ಯುಎ ಹಾಗಲ್ಲ. 7, 13, 16 ಎಂಬ ಅಂಕಿಗಳು ಹೆತ್ತವರ ಪರಿಶೀಲನೆಗೆ ಮಾತ್ರ, ಅವನ್ನು ಹೆತ್ತವರೋ ಪೋಷಕರೋ ಅಲ್ಲದೆ ಬೇರೆ ಯಾರೂ ಜಾರಿ ಮಾಡುವಂತಿಲ್ಲ ಎಂದು 2023ರ ಕಾಯ್ದೆಯೇ ಬಿಡಿಸಿ ಹೇಳಿದೆ. ಎಂಟು ವರ್ಷದ ಮಗುವನ್ನು ಯುಎ 16+ ಚಿತ್ರಕ್ಕೆ ಕರೆದೊಯ್ದರೆ ಗೇಟಿನವರು ತಡೆಯುವುದಿಲ್ಲ, ತಡೆಯುವ ಅಧಿಕಾರವೂ ಅವರಿಗಿಲ್ಲ. ಒಳಗೆ ಬಿಟ್ಟರು ಅಂದಮೇಲೆ ಪರವಾಗಿಲ್ಲ ಎಂದುಕೊಳ್ಳುವುದು ತಪ್ಪು ಲೆಕ್ಕ. 2025ರಲ್ಲಿ ‘ಕಾಂತಾರ: ಚಾಪ್ಟರ್ 1’ ಯುಎ 16+ ಗುರುತಿನೊಂದಿಗೆ ಬಂತು. ದಸರಾ ರಜೆಯಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಸಂಸಾರಗಳೇ ಅದಕ್ಕೆ ಹೋದವು. ಹೋದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ 16 ಯಾಕೆ ಬಂತು ಎಂದು ಕೇಳಿದ್ದರೆ, ರಕ್ತಪಾತಕ್ಕೋ, ಭಯ ಹುಟ್ಟಿಸುವ ದೃಶ್ಯಕ್ಕೋ, ಮಾತಿಗೋ ಎಂದು ಆ ಸಂಸಾರಗಳಲ್ಲಿ ಹೆಚ್ಚಿನವರಿಗೆ ಹೇಳಲಾಗುತ್ತಿರಲಿಲ್ಲ. ಅಂಕಿ ಇದೆ, ಕಾರಣ ಇಲ್ಲ. ಈಗಿನ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ.

ಕೆಲಸ ನಡೆಯುವ ರೀತಿ ಹೀಗೆ. ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಗೆ ದೇಶದಲ್ಲಿ ಒಂಬತ್ತು ಪ್ರಾದೇಶಿಕ ಕಚೇರಿಗಳಿವೆ; ನಮ್ಮದು ಕೋರಮಂಗಲದ ಕೇಂದ್ರೀಯ ಸದನದಲ್ಲಿ. ಪೂರ್ಣಾವಧಿ ಚಿತ್ರವೊಂದನ್ನು ಮಂಡಳಿಯ ಒಬ್ಬ ಅಧಿಕಾರಿ ಮತ್ತು ಸಲಹಾ ಸಮಿತಿಯ ನಾಲ್ವರು ಕೂತು ನೋಡುತ್ತಾರೆ. ಆ ನಾಲ್ವರಲ್ಲಿ ಇಬ್ಬರು ಮಹಿಳೆಯರಿರಬೇಕು. ಅವರು ಯಾವ ವರ್ಗ, ಎಲ್ಲಿ ಕಟ್, ಎಲ್ಲಿ ಮ್ಯೂಟ್ ಎಂದು ಶಿಫಾರಸು ಮಾಡುತ್ತಾರೆ. ನಿರ್ಮಾಪಕರಿಗೆ ಒಪ್ಪಿಗೆಯಾಗದಿದ್ದರೆ ಚಿತ್ರ ರಿವೈಸಿಂಗ್ ಕಮಿಟಿಗೆ ಹೋಗುತ್ತದೆ. ಅಳತೆಗೋಲಾಗಿ ಅವರ ಮುಂದಿರುವುದು 1991ರ ಡಿಸೆಂಬರ್ 6ರ ಮಾರ್ಗಸೂಚಿ. ಹಿಂಸೆಯನ್ನು ವೈಭವೀಕರಿಸಬಾರದು, ಮಕ್ಕಳನ್ನು ಹಿಂಸೆಗೆ ಗುರಿಮಾಡುವ ದೃಶ್ಯಗಳು ಅನಗತ್ಯವಾಗಿ ಇರಬಾರದು, ಕುಡಿತವನ್ನೂ ಮಾದಕವಸ್ತುವನ್ನೂ ಮೆರೆಸಬಾರದು, ಅಶ್ಲೀಲತೆ ಸಲ್ಲದು ಎಂಬಂಥ ಸೂಚನೆಗಳ ಜೊತೆಗೆ ಅದರಲ್ಲಿ ಒಂದು ಒಳ್ಳೆಯ ಮಾತೂ ಇದೆ: ಚಿತ್ರವನ್ನು ಬಿಡಿ ಬಿಡಿ ದೃಶ್ಯಗಳಾಗಿ ನೋಡದೆ, ಅದರ ಒಟ್ಟು ಪರಿಣಾಮದ ಮೇಲೆ, ಅದರ ಕಾಲ ಮತ್ತು ಸಮಾಜದ ಹಿನ್ನೆಲೆಯಲ್ಲಿ ಅಳೆಯಬೇಕು. ಆ ಮಾತನ್ನು ಮನಸ್ಸಿಟ್ಟು ಪಾಲಿಸಿದ್ದರೆ ಅರ್ಧ ಜಗಳಗಳು ಹುಟ್ಟುತ್ತಲೇ ಇರಲಿಲ್ಲ.

ಈ ಏರ್ಪಾಟು ಶುರುವಾದದ್ದು ಮಕ್ಕಳ ಮೇಲಿನ ಕಾಳಜಿಯಿಂದಲ್ಲ. ಬ್ರಿಟಿಷರು 1918ರಲ್ಲಿ ಮೊದಲ ಸಿನಿಮಾಟೊಗ್ರಾಫ್ ಕಾಯ್ದೆ ತಂದು, 1920ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳನ್ನು ಕೂರಿಸಿದಾಗ ಅವರಿಗಿದ್ದ ಮುಖ್ಯ ಚಿಂತೆ ತಮ್ಮ ಆಳ್ವಿಕೆಯದು. ವಯಸ್ಸಿನ ಲೆಕ್ಕ ಬಂದದ್ದು ಸ್ವಾತಂತ್ರ್ಯದ ನಂತರ, 1949ರ ತಿದ್ದುಪಡಿಯಲ್ಲಿ. ಯು ಮತ್ತು ಎ ಎಂಬ ಎರಡು ವರ್ಗಗಳು ಆಗ ಹುಟ್ಟಿದವು. 1951ರಲ್ಲಿ ಕೇಂದ್ರ ಮಂಡಳಿ, 1952ರಲ್ಲಿ ಇಂದಿಗೂ ನಡೆಯುತ್ತಿರುವ ಮೂಲ ಕಾಯ್ದೆ. 1983ರಲ್ಲಿ ಮಂಡಳಿಯ ಹೆಸರಿನಿಂದ ಸೆನ್ಸಾರ್ ಹೋಗಿ ಪ್ರಮಾಣೀಕರಣ ಬಂತು, ಕತ್ತರಿ ಕೈಯಲ್ಲೇ ಉಳಿಯಿತು. ಪರದೆಯ ಮೇಲೆ ಮೊದಲು ಮೂಡುವ ಆ ಪ್ರಮಾಣಪತ್ರವನ್ನು ನಮ್ಮ ಟಾಕೀಸುಗಳಲ್ಲಿ ಜನ ಕಣ್ಣರಳಿಸಿ ಓದುತ್ತಿದ್ದರು ನಿಜ. ಆದರೆ ಹುಡುಕುತ್ತಿದ್ದದ್ದು ಎಷ್ಟು ರೀಲು ಎಂಬುದನ್ನು. ಹದಿನಾರು ರೀಲೆಂದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂಬ ಸಮಾಧಾನ. ಪಕ್ಕದ ಅಕ್ಷರ ಯು ಆಗಿತ್ತೋ ಎ ಆಗಿತ್ತೋ ಎಂದು ನೋಡಿದವರು ಕಡಿಮೆ.

ಕನ್ನಡದ ಮಟ್ಟಿಗೆ ಈ ಚರ್ಚೆಯ ಮೊದಲ ದೊಡ್ಡ ಅಧ್ಯಾಯ ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರ ಕಾದಂಬರಿ 1965ರಲ್ಲೇ ಪುಸ್ತಕದ ಅಂಗಡಿಯಲ್ಲಿತ್ತು, ಯಾರು ಬೇಕಾದರೂ ಕೊಂಡು ಓದಬಹುದಿತ್ತು. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಿತ್ರವಾಗಿಸಿದಾಗ ಮದರಾಸಿನ ಸೆನ್ಸಾರ್ ಅದಕ್ಕೆ ಅನುಮತಿ ನಿರಾಕರಿಸಿತು. ಕನ್ನಡ ಚಿತ್ರಗಳ ಭವಿಷ್ಯ ಆಗ ಮದರಾಸಿನಲ್ಲೇ ನಿರ್ಧಾರವಾಗುತ್ತಿತ್ತು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿಯವರು ಚಂದ್ರಿ. ಕೇಂದ್ರದ ವಾರ್ತಾ ಇಲಾಖೆಯ ಮಟ್ಟದಲ್ಲಿ ನಿಷೇಧ ತೆರವಾಗಿ ಚಿತ್ರ 1970ರಲ್ಲಿ ತೆರೆ ಕಂಡಿತು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಒಂದೇ ಚಿತ್ರ ಒಂದು ಮೇಜಿನ ಮೇಲೆ ಯಾರೂ ನೋಡಬಾರದ್ದು, ಇನ್ನೊಂದು ಮೇಜಿನ ಮೇಲೆ ದೇಶವೇ ನೋಡಬೇಕಾದದ್ದು. ‘ಇದು ಯಾವ ವಯಸ್ಸಿನವರಿಗೆ?’ ಎಂದು ಆ ಮೊದಲ ಮೇಜಿನವರು ಕೇಳಿಕೊಂಡಿದ್ದರೆ ಸಾಕಿತ್ತು. ಅವರು ಕೇಳಿಕೊಂಡದ್ದು ‘ಇದು ಬೇಕೋ ಬೇಡವೋ?’ ಎಂದು.

ವಯಸ್ಸಿನ ಪ್ರಶ್ನೆ ಎಷ್ಟು ಸೂಕ್ಷ್ಮ ಎಂದು ನನಗೆ ಅರ್ಥ ಮಾಡಿಸಿದ್ದು ಅದಕ್ಕಿಂತ ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿಯವರ 1977ರ ಚಿತ್ರ, ಅದೂ ಅನಂತಮೂರ್ತಿಯವರ ಕಥೆಯಿಂದ ಬಂದದ್ದು, ಅದಕ್ಕೂ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ. ವೇದಪಾಠಶಾಲೆಯ ಮೇಷ್ಟ್ರ ವಿಧವೆ ಮಗಳು ಯಮುನಕ್ಕ ಬಸಿರಾಗುತ್ತಾಳೆ, ಗರ್ಭ ತೆಗೆಸಿಕೊಳ್ಳುತ್ತಾಳೆ, ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಊರು ಅವಳನ್ನು ಹೊರಗೆ ಹಾಕುತ್ತದೆ. ವಸ್ತುವನ್ನು ಹೀಗೆ ಒಂದು ಸಾಲಿನಲ್ಲಿ ಬರೆದು ಯಾರ ಕೈಗಾದರೂ ಕೊಟ್ಟರೆ, ದೊಡ್ಡವರಿಗೆ ಮಾತ್ರ ಎಂದುಬಿಡುತ್ತಾರೆ. ಆದರೆ ಇಡೀ ಕಥೆಯನ್ನು ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಅಕ್ಕನಿಗೆ ಏನೋ ಅನ್ಯಾಯವಾಗುತ್ತಿದೆ ಎಂಬುದು ಮಾತ್ರ ಪೂರ್ತಿ ಅರ್ಥವಾಗುತ್ತದೆ. ಕ್ಯಾಮೆರಾ ಎಲ್ಲೂ ಕುತೂಹಲದಿಂದ ಇಣುಕುವುದಿಲ್ಲ. ಹನ್ನೆರಡು ಹದಿಮೂರು ವರ್ಷದ ಮಗುವಿನ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಮಾತಾಡಬಹುದಾದ ಚಿತ್ರ ಇದು. ಇನ್ನೊಂದು ಕಡೆ, ವಸ್ತುವಿನಲ್ಲಿ ಏನೂ ಕೇಡಿಲ್ಲದ, ಒಳ್ಳೆಯವನು ಕೆಟ್ಟವರನ್ನು ಮಟ್ಟಹಾಕುವ ಸರಳ ಕಥೆಯೊಂದು ತಲೆ ಕಡಿಯುವುದನ್ನು ನಿಧಾನಗತಿಯಲ್ಲಿ, ಹಿನ್ನೆಲೆ ಸಂಗೀತದ ಜೊತೆ, ಚಪ್ಪಾಳೆಗಾಗಿ ತೋರಿಸಬಹುದು. ಏನನ್ನು ಹೇಳುತ್ತಿದ್ದಾರೆ ಎಂಬುದಕ್ಕಿಂತ ಹೇಗೆ ತೋರಿಸುತ್ತಿದ್ದಾರೆ ಎಂಬುದೇ ಮಗುವಿನ ಮನಸ್ಸಿನ ಮೇಲೆ ಹೆಚ್ಚು ಕೆಲಸ ಮಾಡುತ್ತದೆ. ವಯಸ್ಸಿನ ವರ್ಗೀಕರಣದ ಜೀವಾಳ ಇರುವುದು ಇಲ್ಲೇ.

ಮಕ್ಕಳ ಭಯವನ್ನು ಬಹಳ ವರ್ಷ ಅಧ್ಯಯನ ಮಾಡಿದ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೊಆ್ಯನ್ ಕ್ಯಾಂಟರ್ ಕೂಡ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತಾರೆ. ತೀರಾ ಚಿಕ್ಕ ಮಕ್ಕಳು ರೂಪಕ್ಕೆ ಹೆದರುತ್ತಾರೆ. ಒಳ್ಳೆಯವನೇ ಆದರೂ ಮುಖ ಬದಲಾಯಿಸಿ ದೈತ್ಯನಾದರೆ ಅವರಿಗೆ ದಿಗಿಲು. ‘ಅದೆಲ್ಲ ಸುಳ್ಳು ಕಂದಾ’ ಎಂದರೆ ಸಮಾಧಾನವಾಗುವುದಿಲ್ಲ. ಏಳೆಂಟು ವರ್ಷ ದಾಟಿದವರಿಗೆ ಸುಳ್ಳು ನಿಜ ಬೇರೆ ಬೇರೆ ಎಂದು ಗೊತ್ತಿರುತ್ತದೆ, ಅವರನ್ನು ಕಾಡುವುದು ನಿಜವಾಗಿ ನಡೆಯಬಹುದಾದ ಸಂಗತಿ: ಮನೆಗೆ ನುಗ್ಗುವ ಕಳ್ಳ, ಮಗು ಕಳೆದುಹೋಗುವುದು, ಅಮ್ಮನಿಗೆ ಏನಾದರೂ ಆಗುವುದು. ಹದಿಹರೆಯದವರ ಕಷ್ಟ ಮತ್ತೂ ಬೇರೆ. ಅವರು ಹೆದರುವುದಕ್ಕಿಂತ ಅನುಕರಿಸುವ ಅಪಾಯ ಹೆಚ್ಚು. ಆದ್ದರಿಂದ 7, 13, 16 ಎಂಬ ಗೆರೆಗಳು ತೀರಾ ಮನಸ್ಸಿಗೆ ಬಂದ ಹಾಗೆ ಎಳೆದವಲ್ಲ, ಅವುಗಳ ಹಿಂದೆ ತಿಳಿವಳಿಕೆಯ ಆಧಾರವಿದೆ. ಆದರೆ ಒಂದೇ ವಯಸ್ಸಿನ ಇಬ್ಬರು ಮಕ್ಕಳು ಒಂದೇ ತರಹ ಇರುವುದಿಲ್ಲ. ಹೋದ ವರ್ಷ ತಾತನನ್ನು ಕಳೆದುಕೊಂಡ ಮಗುವಿಗೆ ಸಾವಿನ ದೃಶ್ಯ ಕೊಡುವ ಪೆಟ್ಟು ಪಕ್ಕದ ಸೀಟಿನ ಮಗುವಿಗೆ ತಾಕದೇ ಇರಬಹುದು. ಅದನ್ನು ಕೋರಮಂಗಲದ ಕಚೇರಿ ತಿಳಿಯುವುದು ಸಾಧ್ಯವಿಲ್ಲ, ಅಮ್ಮನಿಗೆ ಗೊತ್ತಿರುತ್ತದೆ. ಅಮ್ಮನಿಗೆ ಬೇಕಾದದ್ದು ಅಂಕಿಯ ಜೊತೆಗೆ ಒಂದು ಸಾಲಿನ ಮಾಹಿತಿ.

ನ್ಯಾಯಾಲಯಗಳ ಕಥೆಗೆ ಬರೋಣ. ಸಿನಿಮಾಕ್ಕೆ ಮುಂಚಿತವಾಗಿ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ಒಪ್ಪಿಗೆಯೇ ಎಂಬ ಬಹುದೊಡ್ಡ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದೇ ಒಂದು ವಯಸ್ಸಿನ ಗುರುತಿನ ಜಗಳದಿಂದ. ಕೆ.ಎ. ಅಬ್ಬಾಸ್ ನಾಲ್ಕು ಮಹಾನಗರಗಳ ಬಡವ ಬಲ್ಲಿದರ ಅಂತರವನ್ನು ತೋರಿಸುವ ಕಿರುಸಾಕ್ಷ್ಯಚಿತ್ರ ಮಾಡಿದ್ದರು. ಮುಂಬಯಿಯ ಕೆಂಪು ದೀಪದ ಬೀದಿಯ ದೃಶ್ಯ ಇದ್ದುದರಿಂದ ಅದಕ್ಕೆ ಎ ಎಂದರು. ಅವರು ಯು ಕೇಳಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಪೂರ್ವ ಸೆನ್ಸಾರನ್ನು ಎತ್ತಿಹಿಡಿಯಿತು. ನೋಡುಗರನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸುವುದು ಸಕಾರಣವೇ ಎಂದಿತು. ಜೊತೆಗೆ ಕಲೆಗೆ ಬೇಕಾದಷ್ಟು ಜಾಗ ಬಿಡುವ ಸ್ಪಷ್ಟ ಮಾರ್ಗಸೂಚಿ ಬೇಕು ಎಂದೂ ಹೇಳಿತು. ಮುಂದೆ 1989ರಲ್ಲಿ ತಮಿಳಿನ ‘ಒರೇ ಒರು ಗ್ರಾಮತ್ತಿಲೇ’ ಚಿತ್ರದ ಯು ಪ್ರಮಾಣಪತ್ರವನ್ನು ಮದರಾಸು ಹೈಕೋರ್ಟ್ ರದ್ದು ಮಾಡಿದಾಗ ಸುಪ್ರೀಂ ಕೋರ್ಟ್ ಅದನ್ನು ಮರಳಿ ಕೊಟ್ಟಿತು. 1996ರಲ್ಲಿ ‘ಬ್ಯಾಂಡಿಟ್ ಕ್ವೀನ್’ ಚಿತ್ರವನ್ನು ವಯಸ್ಕರು ನೋಡಲಿ ಎಂದು ಬಿಟ್ಟದ್ದೂ ಅದೇ ನ್ಯಾಯಾಲಯ.

ಇವುಗಳ ನಡುವೆ ನಮ್ಮ ಪಾಲಿನ ಹೆಮ್ಮೆ ಒಂದಿದೆ, ಅದನ್ನು ನಾವೇ ಮರೆತಿದ್ದೇವೆ. ಹಳೆಯ ಕಾಯ್ದೆಯ ಆರನೇ ಸೆಕ್ಷನ್, ಮಂಡಳಿಯೋ ಮೇಲ್ಮನವಿ ನ್ಯಾಯಮಂಡಳಿಯೋ ಪ್ರಮಾಣಪತ್ರ ಕೊಟ್ಟ ಮೇಲೂ ಕೇಂದ್ರ ಸರ್ಕಾರ ಕಡತ ತರಿಸಿಕೊಂಡು ತೀರ್ಮಾನ ಬದಲಿಸಬಹುದು ಎನ್ನುತ್ತಿತ್ತು. ಅದನ್ನು ಪ್ರಶ್ನಿಸಿದವರು ಕೆ.ಎಂ. ಶಂಕರಪ್ಪ, ಬಸವರಾಜ ಕಟ್ಟೀಮನಿಯವರ ‘ಮಾಡಿ ಮಡಿದವರು’ ಕಾದಂಬರಿಯನ್ನು ತೆರೆಗೆ ತಂದ ಕನ್ನಡದ ನಿರ್ದೇಶಕ. 1990ರಲ್ಲಿ ಕರ್ನಾಟಕ ಹೈಕೋರ್ಟ್ ಅವರ ಮಾತನ್ನು ಒಪ್ಪಿತು. 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ನ್ಯಾಯಮಂಡಳಿಯ ತೀರ್ಪಿನ ಮೇಲೆ ಸರ್ಕಾರ ಕೂರುವಂತಿಲ್ಲ ಎಂದಿತು. ಗಲಾಟೆಯಾದೀತು ಎಂಬ ನೆಪ ಸಲ್ಲದು, ಶಾಂತಿ ಕಾಪಾಡುವುದು ಸರ್ಕಾರದ ಹೊಣೆ ಎಂದೂ ಸೇರಿಸಿತು. 2021ರ ಕರಡಿನಲ್ಲಿ ಆ ಅಧಿಕಾರವನ್ನು ಮತ್ತೆ ತರುವ ಪ್ರಯತ್ನ ನಡೆದು ಚಿತ್ರರಂಗ ಪ್ರತಿಭಟಿಸಿತು. 2023ರ ಕಾಯ್ದೆ ಶಂಕರಪ್ಪ ತೀರ್ಪಿಗೆ ಅನುಗುಣವಾಗಿ ಅದನ್ನು ಕೈಬಿಟ್ಟಿತು. 2025ರ ಜೂನ್‌ನಲ್ಲಿ ‘ಥಗ್ ಲೈಫ್’ ಚಿತ್ರದ ಬಿಡುಗಡೆ ಕರ್ನಾಟಕದಲ್ಲಿ ತಡೆದಾಗಲೂ ಸುಪ್ರೀಂ ಕೋರ್ಟ್ ಇದೇ ದಾರಿಯಲ್ಲಿ ನಡೆಯಿತು: ಪ್ರಮಾಣಪತ್ರ ಇದ್ದ ಮೇಲೆ ಚಿತ್ರ ತೆರೆ ಕಾಣಬೇಕು, ನೋಡುವುದು ಬಿಡುವುದು ಜನಕ್ಕೆ ಬಿಟ್ಟದ್ದು.

ಒಂದು ಬಾಗಿಲು ಮಾತ್ರ ಮುಚ್ಚಿತು. ಮಂಡಳಿಯ ತೀರ್ಮಾನದ ವಿರುದ್ಧ ಹೋಗಬಹುದಾಗಿದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರ ಏಪ್ರಿಲ್‌ನಲ್ಲಿ ರದ್ದು ಮಾಡಿದರು. ಈಗ ನೇರವಾಗಿ ಹೈಕೋರ್ಟಿಗೇ ಹೋಗಬೇಕು. ಬಿಡುಗಡೆಯ ದಿನ ಗೊತ್ತು ಮಾಡಿ, ಸಾಲ ತಂದು ಚಿತ್ರ ಮಾಡಿದ ಕನ್ನಡದ ಸಣ್ಣ ನಿರ್ಮಾಪಕ ವಕೀಲರ ಮನೆ ಬಾಗಿಲಿಗೆ ಹೋಗುವನೇ, ಹೇಳಿದ ಕಡೆ ಕಟ್ ಮಾಡಿ ಮುಂದುವರಿಯುವನೇ? ಎರಡನೆಯದನ್ನೇ ಮಾಡುತ್ತಾನೆ. ಇದು ಅನ್ಯಾಯ, ನ್ಯಾಯಮಂಡಳಿ ಮರಳಿ ಬರಬೇಕು.

ಗುರುತಿನ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಸಮಾಜಕಾರ್ಯಕರ್ತೆ ಪ್ರತಿಭಾ ನೈಥಾನಿ ಅವರ ಅರ್ಜಿಯ ಮೇಲೆ 2005ರಲ್ಲಿ ಬಾಂಬೆ ಹೈಕೋರ್ಟ್, ಟೀವಿಯಲ್ಲಿ ಯು ಮತ್ತು ಯುಎ ಚಿತ್ರಗಳನ್ನು ಮಾತ್ರ ತೋರಿಸಬೇಕು ಎಂದಿತು. ಎ ಚಿತ್ರ ಟೀವಿಗೆ ಹೋಗಬೇಕಾದರೆ ಕಟ್ ಮಾಡಿಸಿಕೊಂಡು ಬೇರೆ ಪ್ರಮಾಣಪತ್ರ ತರಬೇಕು. ಎ ಎಂದರೆ ಸಂಸಾರಸ್ಥ ಪ್ರೇಕ್ಷಕರು ಹೋದರು, ಸ್ಯಾಟಲೈಟ್ ಹಕ್ಕಿನ ಹಣವೂ ಹೋಯಿತು ಎಂಬ ಭಯ ಹುಟ್ಟಿದ್ದು ಹೀಗೆ. ಮಲಯಾಳದ ‘ಮಾರ್ಕೊ’ ಎ ಪಡೆದು ಬಿಡುಗಡೆಯಾಗಿ, ಆಮೇಲೆ ಟೀವಿಗಾಗಿ ವರ್ಗ ಬದಲಾವಣೆ ಕೇಳಿದಾಗ 2025ರಲ್ಲಿ ಮಂಡಳಿ ಒಪ್ಪಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ರಜನಿಕಾಂತರ ‘ಕೂಲಿ’ಗೆ ಎ ಸಿಕ್ಕಿತು, ನಮ್ಮ ಉಪೇಂದ್ರ, ರಚಿತಾ ರಾಮ್ ಇದ್ದ ಚಿತ್ರ. ಯುಎ ಕೊಡಿ ಎಂದು ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. ಇವು ಅಪರೂಪದ ಪ್ರಸಂಗಗಳು. ಹೆಚ್ಚಿನ ಚಿತ್ರಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ, ಎರಡು ಸೆಕೆಂಡು ರಕ್ತ ತೆಗೆದು, ನಾಲ್ಕು ಬೈಗುಳ ಮ್ಯೂಟ್ ಮಾಡಿ ಯುಎ ಗಡಿಯೊಳಗೆ ಬಂದು ಕೂರುತ್ತವೆ. ದೊಡ್ಡವರಿಗೆಂದು ಮಾಡಿದ ಚಿತ್ರ ಕುಂದುತ್ತದೆ, ಮಕ್ಕಳಿಗೂ ಅದು ಹಿತವಾಗುವುದಿಲ್ಲ.

ನಡುವಿನ ವರ್ಗದೊಳಗೆ ಎಲ್ಲವನ್ನೂ ತುರುಕುವ ಈ ಚಾಳಿ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 1968ರಿಂದ ಚಿತ್ರೋದ್ಯಮವೇ ವರ್ಗೀಕರಣ ನಡೆಸುತ್ತಿದೆ. ಸ್ಪೀಲ್‌ಬರ್ಗ್ ಚಿತ್ರವೊಂದರ ಕ್ರೌರ್ಯಕ್ಕೆ ಪೋಷಕರು ಸಿಟ್ಟಾದ ಮೇಲೆ 1984ರಲ್ಲಿ ಪಿಜಿ-13 ಎಂಬ ನಡುವರ್ಗ ಬಂತು. ಆ ವರ್ಗದ ಚಿತ್ರಗಳಲ್ಲಿ ಬಂದೂಕಿನ ಹಿಂಸೆ 1985ಕ್ಕೆ ಹೋಲಿಸಿದರೆ ಮೂರು ಪಟ್ಟಿಗೂ ಮೀರಿ ಬೆಳೆದಿದೆ ಎಂದು 2013ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯ ಅಧ್ಯಯನ ತೋರಿಸಿತು. ನಮ್ಮ ಯುಎ 13+, 16+ ಗುರುತುಗಳಿಗೂ ಹಾಗಾಗದಂತೆ ಈಗಿನಿಂದಲೇ ಕಣ್ಣಿಡಬೇಕು. ಸ್ವೀಡನ್ ಇನ್ನೊಂದು ದಾರಿ ಹಿಡಿಯಿತು. 1911ರಲ್ಲಿ ಶುರುವಾದ ಸೆನ್ಸಾರನ್ನು ನೂರು ವರ್ಷದ ನಂತರ ದೊಡ್ಡವರ ಮಟ್ಟಿಗೆ ಕೈಬಿಟ್ಟು, 15ರೊಳಗಿನವರಿಗೆ ಯಾವುದು ಹಾನಿ ಎಂಬುದನ್ನಷ್ಟೇ ನೋಡುತ್ತದೆ. ನೆದರ್ಲೆಂಡ್ಸ್ 2001ರಿಂದ ವಯಸ್ಸಿನ ಅಂಕಿಯ ಪಕ್ಕದಲ್ಲೇ ಭಯ, ಹಿಂಸೆ, ಕಾಮ, ಮಾದಕವಸ್ತು, ಕೆಟ್ಟ ಮಾತು ಇವಕ್ಕೆ ಪುಟ್ಟ ಚಿತ್ರಗಳನ್ನು ಹಾಕುತ್ತಿದೆ. ಬ್ರಿಟನ್ನಿನ ಮಂಡಳಿ ಪ್ರತಿ ಚಿತ್ರಕ್ಕೂ ಚುಟುಕಾದ ವಿವರ ಬರೆಯುತ್ತದೆ.

ನಮ್ಮಲ್ಲೂ ಅದು ಇಲ್ಲದೆ ಇಲ್ಲ, ಇರುವುದು ಮನೆಯ ಪರದೆಯಲ್ಲಿ. ಒಟಿಟಿ ವೇದಿಕೆಗಳಿಗೆ 2021ರ ಫೆಬ್ರವರಿಯ ನಿಯಮಗಳು ಇದೇ 7, 13, 16ರ ವರ್ಗಗಳನ್ನು ಮೊದಲೇ ವಿಧಿಸಿದ್ದವು. ಜೊತೆಗೆ ಹಿಂಸೆ, ನಗ್ನತೆ, ಭಾಷೆ, ಮಾದಕವಸ್ತು, ಭಯ ಏನಿದೆ ಎಂಬ ವಿವರಣೆಯನ್ನು ಎದ್ದು ಕಾಣುವಂತೆ ತೋರಿಸಬೇಕು, 13+ ಮತ್ತು ಅದರ ಮೇಲಿನ ವರ್ಗಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಬೇಕು ಎಂದವು. ಅಲ್ಲಿ ವರ್ಗ ನಿರ್ಧರಿಸುವುದು ಕಂಪನಿಯೇ, ಆ ಬಗ್ಗೆ ತಕರಾರುಗಳಿವೆ. ಆದರೂ ಕಾರಣ ಹೇಳುವ ಕಟ್ಟುಪಾಡು ಒಳ್ಳೆಯದು. ಮನೆಯಲ್ಲಿ ಬಟನ್ ಒತ್ತಿ ನಿಲ್ಲಿಸಬಹುದಾದ ಚಿತ್ರಕ್ಕೆ ಇಷ್ಟು ಮಾಹಿತಿ; ನಾಲ್ಕು ಜನಕ್ಕೆ ಟಿಕೆಟ್ ತೆಗೆದು, ಕತ್ತಲೆಯಲ್ಲಿ ನಡುಸಾಲಿನಲ್ಲಿ ಕೂತ ಸಂಸಾರಕ್ಕೆ ಬರೀ ಒಂದು ಅಂಕಿ. ಸಿಗರೇಟು ಕಂಡಾಗಲೆಲ್ಲ ತೆರೆಯ ಮೇಲೆ ಎಚ್ಚರಿಕೆಯ ಸಾಲು ಮೂಡಬೇಕೆಂದು 2012ರಿಂದ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದೇವೆ. ಅದು ಸರಿಯೇ. ಕೊಲೆ, ಅತ್ಯಾಚಾರ, ಆತ್ಮಹತ್ಯೆಯ ದೃಶ್ಯವಿದೆ ಎಂದು ಟಿಕೆಟ್ ಕೊಳ್ಳುವ ಮುನ್ನ ಹೇಳುವ ಏರ್ಪಾಟು ಮಾತ್ರ ಕಾಣುವುದಿಲ್ಲ.

ವರ್ಗ ಹೆಚ್ಚಿದರೆ ಕತ್ತರಿ ಕಡಿಮೆಯಾಗಬೇಕಿತ್ತು, ಹಾಗೂ ಆಗಿಲ್ಲ. 2025ರ ಜುಲೈನಲ್ಲಿ ಯುಎ 13+ ಕೊಟ್ಟ ‘ಸೂಪರ್‌ಮ್ಯಾನ್’ ಚಿತ್ರದಿಂದ 33 ಸೆಕೆಂಡುಗಳ ಚುಂಬನವನ್ನು ತೆಗೆಸಿದರು. ಆ ದೃಶ್ಯ 13ಕ್ಕೆ ಹೆಚ್ಚೆನಿಸಿದರೆ 16 ಕೊಡಬಹುದಿತ್ತಲ್ಲ? ಕತ್ತರಿಸುವ ಕೆಲಸವೂ ವಿಂಗಡಿಸುವ ಕೆಲಸವೂ ಒಂದೇ ಮೇಜಿನಲ್ಲಿ ನಡೆಯುವವರೆಗೆ ಎರಡನೆಯದು ಹಿಂದೆಯೇ ಉಳಿಯುತ್ತದೆ. ಬೆನಗಲ್ ಸಮಿತಿ ಹೇಳಿದ್ದ ತಿರುಳೂ ಇದೇ: ಮಂಡಳಿ ವಿಂಗಡಿಸಲಿ, ಕತ್ತರಿಯನ್ನು ಕೆಳಗಿಡಲಿ. ವಿಂಗಡಿಸುವವರ ನಡುವೆ ಮಕ್ಕಳ ಮನಸ್ಸನ್ನು ಬಲ್ಲ ಶಿಕ್ಷಕರೂ ಮನೋವೈದ್ಯರೂ ಇರುವುದು ಕಡ್ಡಾಯವಾಗಲಿ ಎಂದು ನಾನು ಇದಕ್ಕೆ ಸೇರಿಸುತ್ತೇನೆ.

ಈ ವಿಂಗಡಣೆ ಕನ್ನಡದ ಮಕ್ಕಳಿಗೆ ಈಗ ಮೊದಲಿಗಿಂತ ಹೆಚ್ಚು ಮುಖ್ಯ. ದಶಕಗಳ ಕಾಲ ಇಲ್ಲಿ ಡಬ್ಬಿಂಗ್ ಇರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಅದು ಮೆಲ್ಲಗೆ ಬೇರೂರಿತು. ತೆಲುಗಿನ, ತಮಿಳಿನ, ಹಾಲಿವುಡ್‌ನ ಬೈಗುಳ ಬೆದರಿಕೆಗಳು ಹಿಂದೆ ನಮ್ಮ ಚಿಕ್ಕ ಮಕ್ಕಳ ಕಿವಿಗೆ ಬರೀ ಸದ್ದಾಗಿದ್ದವು, ಈಗ ಅವು ಮನೆಮಾತಿನಲ್ಲೇ ಬಂದು ತಾಗುತ್ತವೆ. ಡಬ್ ಆದ ಆವೃತ್ತಿಗೂ ಬೇರೆಯೇ ಪ್ರಮಾಣಪತ್ರ ಬೇಕು ಎಂಬ ನಿಯಮವನ್ನು ಕನ್ನಡದ ಸಲಹಾ ಸದಸ್ಯರು ಗಂಭೀರವಾಗಿ ತೆಗೆದುಕೊಂಡು, ಮಾತನ್ನು ಕನ್ನಡದ ಕಿವಿಯಿಂದಲೇ ಅಳೆಯಬೇಕು.

ಕಾಯ್ದೆ ಮತ್ತೆ ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಲ್ಲ. ಪೋಸ್ಟರಿನ ಕೆಳಗೆ, ಟಿಕೆಟಿನ ಮೇಲೆ ಕನ್ನಡದಲ್ಲಿ ಒಂದು ಸಾಲು ಹಾಕಲು ಯಾರ ಅನುಮತಿಯೂ ಬೇಡ: ‘ಯುಎ 16+: ರಕ್ತಪಾತವಿದೆ, ಮಗುವಿನ ಸಾವಿನ ದೃಶ್ಯವಿದೆ.’ ನಿರ್ಮಾಪಕರು ಇದನ್ನು ತಾವಾಗಿಯೇ ಶುರು ಮಾಡಲಿ, ಚಲನಚಿತ್ರ ವಾಣಿಜ್ಯ ಮಂಡಳಿ ತನ್ನ ಸದಸ್ಯರಿಗೆ ಹೇಳಲಿ, ಮಲ್ಟಿಪ್ಲೆಕ್ಸಿನವರೂ ಟಿಕೆಟ್ ಆ್ಯಪಿನವರೂ ಅದಕ್ಕೆ ಜಾಗ ಕೊಡಲಿ. ಕುಟುಂಬ ಸಮೇತ ನೋಡಿ ಎಂದು ಜಾಹೀರಾತು ಕೊಡುವವರು ಆ ಕುಟುಂಬಕ್ಕೆ ಇಷ್ಟನ್ನು ಹೇಳಲೇಬೇಕು. ಓದುಗರಾದ ನೀವೂ ಮುಂದಿನ ಸಲ ಮಕ್ಕಳೊಂದಿಗೆ ಹೋಗುವಾಗ ಕೌಂಟರಿನಲ್ಲಿ ‘ಈ 16 ಯಾತಕ್ಕೆ ಕೊಟ್ಟಿದ್ದಾರೆ?’ ಎಂದು ಕೇಳಿ. ಉತ್ತರ ಸಿಗದಿದ್ದರೆ ಮ್ಯಾನೇಜರನ್ನು ಕೇಳಿ, ನಿರ್ಮಾಣ ಸಂಸ್ಥೆಗೆ ಬರೆಯಿರಿ. ಕೇಳುವವರು ಹೆಚ್ಚಾದರೆ ಹೇಳುವವರು ಬಂದೇ ಬರುತ್ತಾರೆ.